ಮೂಲೆ ಕೂಡಿಸಿದ ಜವರಯ್ಯ

ಕಿಕ್ಕೇರಿಯಲ್ಲಿ ಬಾಗಿಲು, ಕಿಟಕಿ ಮಾಡಿಸುವವರು ಮೂವತ್ತು ವರ್ಷ ಬಡಗಿ ಜವರಯ್ಯನನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಚೆಗೆ ಬಸ್ಸಿಳಿದವರು ಅವನು ಕೆಲಸ ಮಾಡುವ ಕೊಟ್ಟಿಗೆ ದಾಟಿ ಪ್ರಮೀಳಾಳ ಅಂಗಡಿಗೆ ಹೋಗತೊಡಗಿದ್ದರು. ಪ್ರಮೀಳಾ ಅವನ ಶಿಷ್ಯ ಪುಟ್ಟರಾಜುವಿನ ಹೆಂಡತಿ. ಗಂಡ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮೈಸೂರಿನಲ್ಲಿ ಮರಗೆಲಸ ಕಲಿತು, ಓರೆಯಾಗಿ ಕೊಯ್ಯುವ ಒಂದು ಕರೆಂಟಿನ ಮೈಟರ್ ಗರಗಸ ತಂದಿದ್ದಳು. ಅದರ ಮೇಜು ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು, ಬ್ಲೇಡು ಪಕ್ಕಕ್ಕೆ ವಾಲುತ್ತಿತ್ತು. ಎರಡು ಕೋನವನ್ನೂ ಒಂದೇ ಸಲಕ್ಕೆ ಕೊಯ್ಯುತ್ತಿತ್ತು.

“ಕೆಲ್ಸ ಮಿಷಿನ್ನಿಂದು, ಎಸ್ರು ಅವ್ಳಿಗೆ,” ಎಂದು ಜವರಯ್ಯ ಟೀ ಅಂಗಡಿಯಲ್ಲಿ ಕುಟುಕುತ್ತಿದ್ದ.

ಡೈರಿ ಕಾರ್ಯದರ್ಶಿ ಮರಿಸ್ವಾಮಿ ಹೊಸ ಮನೆ ಕಟ್ಟಿಸಿ, ಗೋಡೆ ಚಾವಣಿಯನ್ನು ಸೇರುವ ಕಡೆ ಓರೆಯಾಗಿ ಕೂರುವ ಮರದ ಪಟ್ಟಿ ಬೇಕೆಂದ. ಕೆಳಗಿನ ನಡುಮನೆಯ ಕೆಲಸ ಜವರಯ್ಯನಿಗೆ, ಮೇಲಿನ ಕೋಣೆಯದು ಪ್ರಮೀಳಾಳಿಗೆ. ಅವಳಿಗಿಂತ ತಾನು ಕಡಿಮೆ ಅನ್ನಿಸಿಕೊಳ್ಳಬಾರದೆಂದು ಜವರಯ್ಯ ಕೆ.ಆರ್. ಪೇಟೆಯಿಂದ ಅಂಥದೇ ಗರಗಸ ಬಾಡಿಗೆಗೆ ತಂದ. ಹೇಗೆ ಬಳಸುವುದೆಂದು ಯಾರನ್ನೂ ಕೇಳಲಿಲ್ಲ.

ಯಂತ್ರದ ಮೇಲಿನ ಕೋನದ ಗುರುತಿಗೇ ನಿಲ್ಲಿಸಿ ಕೊಯ್ದರೂ ಪಟ್ಟಿಗಳು ಮೂಲೆಯಲ್ಲಿ ಬಾಯಿ ಬಿಟ್ಟವು. ನೀರು ಕೇಳುವ ನೆಪದಲ್ಲಿ ಮಹಡಿ ಹತ್ತಿ ನೋಡಿದ. ಪ್ರಮೀಳಾಳ ಮೂಲೆಯಲ್ಲಿ ಸೇರಿದ ಗೆರೆಯೇ ಕಾಣಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ನೀರನ್ನೂ ಕುಡಿಯದೆ ಕೆಳಗಿಳಿದವನು ಒಂದು ಗಿಡ್ಡ ತುಂಡನ್ನು ಬೆರಳಲ್ಲಿ ಹಿಡಿದು ಕೊಯ್ದು, ಬ್ಲೇಡು ತಿರುಗುವುದು ನಿಲ್ಲುವ ಮೊದಲೇ ಅದನ್ನು ಮೇಲೆತ್ತಿಬಿಟ್ಟ. ಬ್ಲೇಡಿನ ಹಲ್ಲಿಗೆ ಸಿಕ್ಕಿದ ಚೂರು ಹಾರಿ ಹುಬ್ಬಿಗೆ ಬಡಿಯಿತು.

ಅವನ ಕೂಗು ಕೇಳಿ ಪ್ರಮೀಳಾ ಓಡಿಬಂದಳು. ಮೊದಲು ಗರಗಸದ ಪ್ಲಗ್ಗು ಕಿತ್ತಳು, ಆಮೇಲೆ ಗಾಯಕ್ಕೆ ಬಟ್ಟೆ ಒತ್ತಿದಳು.

“ಕಣ್ಣು ಉಳ್ಕತು ಬುಡಿ ಮಾವ. ಕನ್ನಡ್ಕ ಯಾಕಾಕಿಲ್ಲ?”

“ನಿಂಗ್ಯಾಕಮ್ಮಿ ಅದು?”

ಅವಳು ಸಿಟ್ಟಾಗಲಿಲ್ಲ. ಉದ್ದದ ಪಟ್ಟಿಯೊಂದನ್ನು ಯಂತ್ರದ ಮೇಜಿನ ಹಿಂಬದಿಯ ತಡೆಗೆ ಒತ್ತಿ, ಅಲುಗದಂತೆ ಕ್ಲಾಂಪು ಬಿಗಿದಳು. “ಗಿಡ್ಡ ತುಂಡ ಕೈಲಿ ಇಡೀಬ್ಯಾಡಿ. ಕೈ ಬ್ಲೇಡಿಂದ ಒಂದು ಗೇಣು ದೂರ ಇರ್ಲಿ. ಬ್ಲೇಡು ಪೂರಾ ಜೋರು ಬಂದ್ಮೇಲೆ ಇಳ್ಸಿ. ಕೊಯ್ದಾದ್ಮೇಲೆ ಸ್ವಿಚ್ಚು ಬುಟ್ಟು, ಅದು ನಿಂತ್ಮೇಲೆ ಎತ್ತಿ. ಗೋಡೆ ಮೂಲೆ ಅಳೆದ್ರಾ?”

“ಮೂಲೆ ಅಂದ್ರೆ ತೊಂಬತ್ತೇ ಅಲ್ವಾ?”

ಅವಳು ಕೋನಮಾಪಕ ಹಿಡಿದು ತೋರಿಸಿದಳು. ತೊಂಬತ್ತೆರಡು ಡಿಗ್ರಿ.

“ನೀವು ಕೊಯ್ದಿದ್ದು ಸರ್ಯಾಗೇ ಐತೆ. ಗೋಡೆ ಸೊಟ್ಟ.”

ಚೌಕಟ್ಟು ಕೂರಿಸುವಾಗ ಯಾವ ಗೋಡೆಯನ್ನೂ ನಂಬದಿದ್ದ ಜವರಯ್ಯ, ಯಂತ್ರದ ಗುರುತು ನಂಬಿ ಅಳೆಯುವುದನ್ನೇ ಮರೆತಿದ್ದ. ಅದನ್ನು ಅವಳ ಬಾಯಲ್ಲಿ ಕೇಳಿದ್ದು ಹುಬ್ಬಿನ ಗಾಯಕ್ಕಿಂತ ಹೆಚ್ಚು ಉರಿಯಿತು. ಆದರೂ ಮರುದಿನದಿಂದ ಕನ್ನಡಕ ಹಾಕಿ, ಪ್ರತಿ ಮೂಲೆ ಅಳೆದು, ಮೊದಲು ಬೇಡದ ತುಂಡಿನಲ್ಲಿ ಕೊಯ್ದು ನೋಡಿ, ಸರಿಯಿದ್ದರೆ ಮಾತ್ರ ಪಟ್ಟಿಗೆ ಕೈ ಹಾಕಿದ. ನಾಲ್ಕು ಮೂಲೆಯೂ ಕೂಡಿಕೊಂಡವು.

ಗೃಹಪ್ರವೇಶದ ದಿನ ಮರಿಸ್ವಾಮಿಯ ತಾಯಿ ಪುಟ್ಟತಾಯಮ್ಮ ತಲೆಯೆತ್ತಿ ನೋಡಿದರು. “ಕೆಳಗೂ ಮ್ಯಾಲೂ ಎಲ್ಲಾ ಪ್ರಮೀಳಂದೇ ಕೈಕೆಲ್ಸ ಅನ್ನಂಗೈತೆ.”

“ಕೆಳಗಿಂದು ಮಾವಂದು ಕಣವ್ವಾ,” ಎಂದಳು ಪ್ರಮೀಳಾ. ಜವರಯ್ಯ ಪಾಯಸದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಅಲ್ಲೇ ಅವಳು, ಮೊಳೆಯಿಲ್ಲದೆ ಹಲಗೆ ತುದಿಯಲ್ಲಿ ಕೊರೆದ ಹಲ್ಲಿಗೆ ಹಲ್ಲು ಕೂರಿಸಿ ಕೈಯಲ್ಲೇ ಪೆಟ್ಟಿಗೆ ಮಾಡುವುದನ್ನು ಕಲಿಸಿಕೊಡಿ ಎಂದು ಕೇಳಿದಳು. ನಾಳೆ, ನಾಡಿದ್ದು ಎಂದು ಎರಡು ವಾರ ತಳ್ಳಿ, ಕೊನೆಗೆ ಒಂದು ಭಾನುವಾರ ಜವರಯ್ಯ ಅವಳನ್ನು ಕಲಿಸಲು ಕೂರಿಸಿಕೊಂಡ. ಮೊದಲೆರಡು ಸಲ ಅವಳ ಉಳಿ ಜಾರಿ ಹಲ್ಲು ಮುರಿಯಿತು. ಅವನಿಗೆ ಎಷ್ಟೋ ತಿಂಗಳ ಮೇಲೆ ಹಾಯೆನಿಸಿತು. ಮೂರನೆಯದು ಸುತ್ತಿಗೆಯ ಒಂದೇ ಮೆಲ್ಲನೆಯ ಏಟಿಗೆ ಕೂತಿತು. ಬಿಸಿಲಿಗೆ ಹಿಡಿದು ನಾಲ್ಕು ಕಡೆ ತಿರುಗಿಸಿದ, ಎಲ್ಲೂ ಸಂದು ಕಾಣಲಿಲ್ಲ.

“ಪರ್ವಾಗಿಲ್ಲ,” ಎಂದಷ್ಟೇ ಹೇಳಿದ.

ಮನೆಯಲ್ಲಿ ಹೆಂಡತಿ ಕೇಳಿದರೆ, “ಇನ್ನೂ ಶ್ಯಾನೆ ಕಲೀಬೇಕು ಅವ್ಳು,” ಎಂದ. ಬೆಳಗಾಗುತ್ತಲೇ ಉಳಿ ಮಸೆದು ತಾನೂ ಒಂದು ಪೆಟ್ಟಿಗೆ ಮಾಡಲು ಕೂತ, ಅವಳದಕ್ಕಿಂತ ಸಣ್ಣ, ಕೂರಿಸಲು ಇನ್ನೂ ಕಷ್ಟದ ಹಲ್ಲಿನದು.