ತಡೀರಿ ಮೇಡಂ ಮತ್ತು ತಿದ್ದಬೇಕಾದ ಒಂದು ವಾಕ್ಯ

ಗಣಕ ಕ್ಷೇತ್ರದಲ್ಲಿ ಹೊಸದನ್ನು ಕಟ್ಟುವವರಿಗೆ ಹಾರ ತುರಾಯಿಗಳಿಗೆ ಬರವಿಲ್ಲ. ಕಟ್ಟಿದ್ದನ್ನು ದಿನವೂ ಸರಿಯಾದ ಅಳತೆಯಲ್ಲಿ ಇಟ್ಟುಕೊಂಡು ಬರುವವರ ಕಡೆಗೆ ಯಾರೂ ತಿರುಗಿಯೂ ನೋಡುವುದಿಲ್ಲ. ಆಸ್ಪತ್ರೆಗಳ ಫ್ರೀಜರುಗಳು ಎಷ್ಟು ತಣ್ಣಗಿರಬೇಕು, ತಂಪು ತಪ್ಪಿದರೆ ಯಾರ ಫೋನು ಹೊಡೆದುಕೊಳ್ಳಬೇಕು, ಆ ಎಚ್ಚರಿಕೆ ಯಾವ ಭಾಷೆಯಲ್ಲಿ ಹೋಗಬೇಕು ಎಂಬ ಸೆಟ್ಟಿಂಗುಗಳನ್ನು ಕ್ಲೌಡ್ ಸೇವೆಯೊಂದರಲ್ಲಿಟ್ಟು ನೋಡಿಕೊಳ್ಳುವುದು ನಮ್ಮ ಸಂಸ್ಥೆಯ ಕೆಲಸ. ಈ ಕೆಲಸಕ್ಕೆ ಒಂದು ಶಿಸ್ತನ್ನು ತಂದುಕೊಟ್ಟು, ಇದೀಗ ನಿವೃತ್ತರಾಗಿರುವ ನಮ್ಮ ಹಿರಿಯ ಇಂಜಿನಿಯರು ಕಚೇರಿಯ ತುಂಬ ‘ತಡೀರಿ ಮೇಡಂ’ ಎಂದೇ ಹೆಸರಾದವರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲವಾದರೂ ಆ ಹೆಸರು ತಮಗಿರುವುದು ಅವರಿಗೆ ಚೆನ್ನಾಗಿಯೇ ಗೊತ್ತು.

ಅವರು ಸೇವೆಗೆ ಸೇರಿದ ಕಾಲದಲ್ಲಿ ಆಸ್ಪತ್ರೆಗೊಂದು ಪ್ರಾಜೆಕ್ಟು, ಪ್ರಾಜೆಕ್ಟಿಗೊಂದು ಪರದೆ. ಒಂದು ಅಂಕಿ ಬದಲಾಯಿಸಬೇಕೆಂದರೂ ಪರದೆಯಿಂದ ಪರದೆಗೆ ಅಲೆದು, ಪ್ರತಿಯೊಂದರಲ್ಲೂ ಕೈಯಾರೆ ಟೈಪು ಮಾಡಬೇಕಿತ್ತು. ಉಳಿದವರಿಗೆ ಇಡೀ ವಾರ ಹಿಡಿಯುವ ಕೆಲಸವನ್ನು ಅವರು ಊಟದ ಹೊತ್ತಿಗೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಆಗ ಅವರಿಗಿದ್ದ ಹೆಸರು ‘ಮಿಂಚು’. ಮನೆಯಲ್ಲಿ ಅತ್ತೆಯವರು ಒಮ್ಮೆ, “ದಿನಾ ಹೋಗಿ ಅಲ್ಲಿ ಏನು ಮಾಡ್ತೀಯಮ್ಮ?” ಎಂದು ಕೇಳಿದರಂತೆ. “ಫ್ರೀಜರುಗಳಿಗೆ ಬುದ್ಧಿ ಹೇಳ್ತೀನಿ ಅತ್ತೆ” ಎಂದು ಸೊಸೆ ಉತ್ತರಿಸಿದರೆ, “ನಮ್ಮನೇದಕ್ಕೂ ಸ್ವಲ್ಪ ಹೇಳು, ಹಾಲು ಕೆಡ್ತಾ ಇದೆ” ಎಂದು ಆ ಹಿರಿಯರು ನಕ್ಕಿದ್ದರು.

ಆಸ್ಪತ್ರೆಗಳು ಹೆಚ್ಚಿದಂತೆ ಪರದೆಯ ಮುಂದೆ ಕೂತು ಬದಲಾಯಿಸುವುದು ಆಗದ ಮಾತಾಯಿತು. ಪ್ರೋಗ್ರಾಮು ಬರೆದು, ಕ್ಲೌಡ್ ಸೇವೆಗೆ ನೇರವಾಗಿ ಹೇಳಿ ಸೆಟ್ಟಿಂಗು ಬದಲಿಸುವ ಎಪಿಐ ದಾರಿಯನ್ನು ಸಂಸ್ಥೆಯಲ್ಲಿ ಮೊದಲು ತುಳಿದವರು ಇವರೇ. ತಾವು ಕಲಿತದ್ದನ್ನು ಬಚ್ಚಿಟ್ಟುಕೊಂಡವರಲ್ಲ. ಹೊಸದಾಗಿ ಸೇರಿದವರ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಸೇವೆ ಮರಳಿ ಕಳಿಸುವ ಒಂದೊಂದು ದೋಷದ ಸಂದೇಶವನ್ನೂ ಗಟ್ಟಿಯಾಗಿ ಓದಿಸಿ, “ಬೈತಾ ಇಲ್ಲಪ್ಪ ಅದು, ದಾರಿ ಹೇಳ್ತಾ ಇದೆ” ಎಂದು ಧೈರ್ಯ ತುಂಬುತ್ತಿದ್ದರು. ಇಂದು ಹಲವು ಸಂಸ್ಥೆಗಳಲ್ಲಿ ಹಿರಿಯ ಸ್ಥಾನದಲ್ಲಿರುವವರು ಆ ಸ್ಟೂಲಿನ ಪಕ್ಕದಲ್ಲಿ ಬೆಳೆದವರು. ಮಗುವಿಗೆ ಜ್ವರವೆಂದು ಮುಖ ಬಾಡಿಸಿಕೊಂಡು ಬಂದ ಸಹೋದ್ಯೋಗಿಯನ್ನು ಕಚೇರಿಯ ಬಾಗಿಲಿನಿಂದಲೇ ಮನೆಗೆ ಅಟ್ಟಿ, ಅವರ ಕೆಲಸವನ್ನೂ ತಾವೇ ಮಾಡಿ, ಮಾರನೆಯ ದಿನ ಅದರ ಸೊಲ್ಲೆತ್ತದವರು.

ಅಭಿನಂದನ ಗ್ರಂಥಗಳಲ್ಲಿ ಇಂಥ ಸದ್ಗುಣಗಳನ್ನೇ ಪೋಣಿಸಿ ಮುಗಿಸುವುದು ವಾಡಿಕೆ. ಆದರೆ ಮೇಡಂ ಅವರು ಈ ಲೇಖನಕ್ಕೆ ಒಪ್ಪಿಗೆ ಕೊಡುವಾಗ ಹಾಕಿದ ಷರತ್ತು ಒಂದೇ: “ಹಾಲಿನ ವಿಷಯ ಬರೆಯೋದಾದ್ರೆ ಬರೀರಿ. ಇಲ್ಲಾಂದ್ರೆ ಬೇಡ.” ಆದ್ದರಿಂದ ಬರೆಯಬೇಕಾಗಿದೆ.

ಆ ಕ್ಲೌಡ್ ಸೇವೆಗೊಂದು ಗುಣವಿದೆ. ಸೆಟ್ಟಿಂಗು ಬದಲಿಸುವಾಗ ಹೊಸದಾಗಿ ಏನಿರಬೇಕು ಎಂಬುದರ ಜೊತೆಗೆ, ಇಂಥದ್ದನ್ನು ಮಾತ್ರ ಬದಲಿಸು ಎಂದು ಅದರ ಹೆಸರನ್ನೂ ಪ್ರತ್ಯೇಕವಾಗಿ ಹೇಳಬೇಕು. ಹೆಸರು ಹೇಳದಿದ್ದರೆ, ಕಳಿಸಿದ್ದಷ್ಟೇ ಪೂರ್ತಿ ಪಟ್ಟಿ ಎಂದು ತಿಳಿದು ಉಳಿದದ್ದನ್ನೆಲ್ಲ ಅದು ಖಾಲಿ ಮಾಡುತ್ತದೆ. ಗೋಡೆಗೆ ಬಣ್ಣ ಬಳಿ ಎಂದರೆ ಮನೆಯ ಸಾಮಾನನ್ನೆಲ್ಲ ಬೀದಿಗೆ ಹಾಕುವ ಆಳಿನಂತೆ. ಎಚ್ಚರಿಕೆಯ ಭಾಷೆಯನ್ನು ಬದಲಿಸಬೇಕೆಂದು ಆಸ್ಪತ್ರೆಗಳು ಕೇಳಿದಾಗ, ಮೊದಲು ಒಂದರಲ್ಲಿ ನೋಡೋಣ ಎಂಬ ಜಾಣತನದಿಂದಲೇ ಮೇಡಂ ಅತಿ ಚಿಕ್ಕ ಪ್ರಾಜೆಕ್ಟನ್ನು ಆರಿಸಿದರು. ಅದು ಹೆರಿಗೆ ಆಸ್ಪತ್ರೆಯೊಂದರ ತಾಯಿಹಾಲಿನ ಸಂಗ್ರಹ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಬೇರೆ ತಾಯಂದಿರು ಕೊಟ್ಟ ಹಾಲನ್ನು ಹೆಪ್ಪುಗಟ್ಟಿಸಿಡುವ ಒಂದೇ ಒಂದು ಫ್ರೀಜರು. ಭಾಷೆಯ ಸಾಲನ್ನು ಕಳಿಸಿದರು. ಹೆಸರು ಹೇಳುವುದನ್ನು ಬಿಟ್ಟರು. ಸೇವೆ ‘ಯಶಸ್ವಿ’ ಎಂದಿತು. ಭಾಷೆ ಬದಲಾಗಿದೆಯೇ ಎಂದು ನೋಡಿದರು, ಆಗಿತ್ತು. ಫೋನು ಮಾಡಬೇಕಾದವರ ಪಟ್ಟಿ ಖಾಲಿಯಾಗಿದ್ದನ್ನು ನೋಡಲಿಲ್ಲ. ಮಿಂಚಿಗೆ ಅಷ್ಟು ವ್ಯವಧಾನವೆಲ್ಲಿ?

ಮಾರನೆಯ ದಿನ ರಜೆ. ರಜೆ ಕಳೆದು ಬಂದವರು ಫ್ರೀಜರು ತೆರೆದಾಗ ಹಾಲೆಲ್ಲ ಕರಗಿ ಬೆಚ್ಚಗಾಗಿತ್ತು. ತಂಪು ತಪ್ಪಿದ್ದನ್ನು ಯಂತ್ರ ಅಳೆದಿತ್ತು, ಬರೆದೂ ಇಟ್ಟಿತ್ತು. ಹೇಳಲು ಮಾತ್ರ ಅದಕ್ಕೆ ಯಾರೂ ಇರಲಿಲ್ಲ. ಕೂಸುಗಳಿಗೆ ಬೇರೆ ಆಸ್ಪತ್ರೆಯಿಂದ ಹಾಲು ತರಿಸಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಚೆಲ್ಲಿದ ಹಾಲಿನಲ್ಲಿ, ತನ್ನ ಮಗುವನ್ನು ಕಳೆದುಕೊಂಡ ಮೇಲೂ ಬಂದು ಕೊಟ್ಟುಹೋಗುತ್ತಿದ್ದ ತಾಯಿಯೊಬ್ಬಳದೂ ಇತ್ತು.

ಫ್ರೀಜರನ್ನು ಪರೀಕ್ಷಿಸಿದಾಗ ಅದು ಸರಿಯಾಗಿಯೇ ಓಡಿತು. ಹಾಗಾದರೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಎಂದು ಆಸ್ಪತ್ರೆಯವರು ತೀರ್ಮಾನಿಸಿ, ಕೊನೆಯದಾಗಿ ಅದನ್ನು ತೆರೆದಿದ್ದ ನರ್ಸನ್ನು ಅಮಾನತಿನಲ್ಲಿಟ್ಟರು. ಮನೆಯಲ್ಲಿ ದುಡಿಯುವವರು ಆಕೆಯೊಬ್ಬರೇ. ಕೆಲಸ ಹೋಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಆ ವಾರವೇ ಸೆಟ್ಟಿಂಗುಗಳನ್ನು ಮೊದಲಿನಿಂದ ಓದಿದ ಮೇಡಂ ಅವರಿಗೆ ಖಾಲಿ ಪಟ್ಟಿ ಕಣ್ಣಿಗೆ ಬಿತ್ತು. ನೇರವಾಗಿ ನಿರ್ದೇಶಕರ ಕೊಠಡಿಗೆ ನಡೆದರು.

ನಿರ್ದೇಶಕರು ಕೆಟ್ಟವರಲ್ಲ, ಸಂಸ್ಥೆಯ ಮರ್ಯಾದೆ ಕಾಯುವವರು. ಮೇಡಂ ಅವರ ಬಡ್ತಿಯ ಕಡತ ಅವರ ಮೇಜಿನ ಮೇಲೆಯೇ ಇತ್ತು. “ಬಾಗಿಲು ತೆಗೆದಿಟ್ಟಿದ್ದು ನೀವಲ್ವಲ್ಲ, ನಿಮಗ್ಯಾಕೆ ಊರ ಉಸಾಬರಿ?” ಎಂದರು.

“ಬಾಗಿಲು ತೆಗೆದಿದ್ರೆ ಹೇಳೋಕೆ ಅಂತಾನೇ ಅಲ್ವಾ ಸರ್, ನಮ್ಮನ್ನ ಇಟ್ಕೊಂಡಿರೋದು?” ಎಂದು ಮೇಡಂ ಎದ್ದು ಬಂದರು.

ಆಸ್ಪತ್ರೆಯ ವಿಚಾರಣೆಯ ಮುಂದೆ ಅವರು ತಮ್ಮ ತಪ್ಪನ್ನು ಒಂದಕ್ಷರ ಬಿಡದೆ ಹೇಳಿದರು. ಫಲವಾಗಿ ನರ್ಸಿನ ಕೆಲಸ ಉಳಿಯಿತು. ಆದರೆ ‘ಫ್ರೀಜರಿನ ಬಾಗಿಲು ಭದ್ರಪಡಿಸುವಲ್ಲಿ ತೋರಿದ ಅಜಾಗರೂಕತೆಗಾಗಿ ಎಚ್ಚರಿಸಲಾಗಿದೆ’ ಎಂಬ ಒಂದು ವಾಕ್ಯ ಆಕೆಯ ಸೇವಾ ಪುಸ್ತಕದಲ್ಲಿ ಕೂತುಬಿಟ್ಟಿತು. ಹೆಡ್ ನರ್ಸ್ ಹುದ್ದೆ ಬಂದಾಗಲೆಲ್ಲ ಆ ವಾಕ್ಯ ಎದ್ದು ನಿಂತು ಅವರನ್ನು ಹಿಂದಕ್ಕೆ ಕಳಿಸುತ್ತಿತ್ತು. ಮೇಡಂ ಅವರ ಬಡ್ತಿಯೂ ಕೈತಪ್ಪಿತು. ತಾವೇ ಕೆಲಸ ಕಲಿಸಿದವರೊಬ್ಬರ ಕೈಕೆಳಗೆ ಅವರು ಉಳಿದ ಸೇವೆಯನ್ನು ಮುಗಿಸಿದರು, ಅದಕ್ಕಾಗಿ ಮುಖ ಊದಿಸಿಕೊಂಡಿದ್ದನ್ನು ಕಂಡವರಿಲ್ಲ.

ಮಿಂಚು ಹೋಗಿ ‘ತಡೀರಿ’ ಬಂದದ್ದು ಆಮೇಲೆ. ಯಾರೇ ಸೆಟ್ಟಿಂಗು ಕಳಿಸಲು ಕೈ ಎತ್ತಿದರೂ “ತಡೀರಿ” ಎಂಬ ದನಿ ಎಲ್ಲಿಂದಲೋ ಬರುತ್ತಿತ್ತು. ಮೊದಲು ಇರುವುದನ್ನೆಲ್ಲ ಓದಬೇಕು. ಬದಲಿಸುವುದರ ಹೆಸರು ಹೇಳಿ ಅದನ್ನಷ್ಟೇ ಕಳಿಸಬೇಕು. ಮತ್ತೆ ಎಲ್ಲವನ್ನೂ ಓದಬೇಕು. ಅಷ್ಟಕ್ಕೂ ಬಿಡದೆ, ಆಸ್ಪತ್ರೆಗೆ ಫೋನು ಮಾಡಿ, ಅಲ್ಲಿನವರಿಂದ ಫ್ರೀಜರಿನ ಬಾಗಿಲು ತೆರೆಸಿ, ಹೊಡೆದುಕೊಳ್ಳಬೇಕಾದ ಫೋನು ನಿಜವಾಗಿ ಹೊಡೆದುಕೊಳ್ಳುವವರೆಗೆ ಕಾಯಬೇಕು. ಸೇವೆ ಯಶಸ್ವಿ ಎಂದದ್ದನ್ನು ನಂಬಬಾರದು, ಕಿವಿಯಿಂದ ಕೇಳಿದ್ದನ್ನು ನಂಬಬೇಕು. ಈ ಪದ್ಧತಿಯನ್ನು ಮೊದಮೊದಲು ಗೇಲಿ ಮಾಡಿದ ಸಂಸ್ಥೆಗಳೇ ಇಂದು ತಮ್ಮದೆಂಬಂತೆ ಪಾಲಿಸುತ್ತಿವೆ.

ಹೆರಿಗೆ ಆಸ್ಪತ್ರೆಯಲ್ಲಿ ಹೀಗೆ ಬಾಗಿಲು ತೆರೆಯುವವರು ಅದೇ ನರ್ಸು. ಕರೆದಾಗಲೆಲ್ಲ ಬರುತ್ತಿದ್ದರು, ಹೇಳಿದ್ದಷ್ಟು ಮಾಡುತ್ತಿದ್ದರು, ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ತನ್ನ ಕೆಲಸ ಉಳಿಸಿದವರ ಬಗ್ಗೆ ಇಷ್ಟು ತಣ್ಣಗೆ ಇರುವುದೇ ಎಂದು ಕಚೇರಿಯಲ್ಲಿ ಕೆಲವರು ಮೂಗು ಮುರಿದದ್ದುಂಟು. ಮೇಡಂ ಅವರಿಗೂ ಒಳಗೊಳಗೆ ಅದು ಚುಚ್ಚುತ್ತಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಸೇವೆಯ ಕೊನೆಯ ದಿನ ಅವರು ಮಾಡಿದ ಬದಲಾವಣೆ ಒಂದೇ: ಎಚ್ಚರಿಕೆಯ ಪಟ್ಟಿಗಳಿಂದ ತಮ್ಮ ಸ್ವಂತ ಫೋನ್ ನಂಬರನ್ನು ತೆಗೆಯುವುದು. ಹೆರಿಗೆ ಆಸ್ಪತ್ರೆಯ ಸರದಿ ಕೊನೆಗೆ ಬಂತು. ಪಕ್ಕದ ಸಭಾಂಗಣದಲ್ಲಿ ಬೀಳ್ಕೊಡುಗೆಗೆ ಕುರ್ಚಿ ಎಳೆಯುವ ಸದ್ದು. ಕಚೇರಿಯ ಫೋನಿನ ಆ ಕಡೆ ನರ್ಸು ಬಾಗಿಲು ತೆರೆದರು. ಅವರ ಫೋನು ಹೊಡೆದುಕೊಂಡಿತು, ಮೇಡಂ ಜಾಗಕ್ಕೆ ಬಂದ ಹೊಸ ಇಂಜಿನಿಯರಿನ ಫೋನೂ ಹೊಡೆದುಕೊಂಡಿತು. ಮೇಡಂ ಅವರದು ಸುಮ್ಮನಿತ್ತು.

“ಸರಿಯಾಗಿದೆ ಸಿಸ್ಟರ್. ಬಾಗಿಲು ಮರೀದೆ ಹಾಕ್ಬಿಡಿ” ಎಂದರು, ಪ್ರತಿ ಸಲ ಹೇಳುತ್ತಿದ್ದ ಹಾಗೆಯೇ.

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿತು. “ಇವತ್ತು ನಿಮ್ಮ ಕೊನೇ ದಿನ ಅಂತ ಹೇಳ್ತಿದೀನಿ ಮೇಡಂ” ಎಂದರು ನರ್ಸು. “ಇಷ್ಟು ವರ್ಷ ಪ್ರತಿ ಸಲವೂ ಇದೊಂದು ಮಾತು ಹೇಳಿದೀರ. ನಾನು ಆವತ್ತೂ ಬಾಗಿಲು ಹಾಕಿದ್ದೆ.”

“ಅದನ್ನ ಆವತ್ತೇ ಹೇಳಬಾರದಿತ್ತಾ?”

“ಹೇಳಿದ್ದೆ. ವಿಚಾರಣೆಯವರು ನಿಮ್ಮ ಮಾತು ಬರ್ಕೊಂಡ್ರು, ನನ್ನ ಮಾತು ಬರ್ಕೊಳ್ಳಲಿಲ್ಲ. ನೀವೂ ಅಲ್ಲೇ ಕೂತಿದ್ರಿ.”

ಬೀಳ್ಕೊಡುಗೆ ತಡವಾಯಿತು. ಸಭೆಯಲ್ಲಿ ಎಲ್ಲರೂ ಕಾದು ಕೂತಿರುವಾಗ ಮೇಡಂ ಅವರು ಆ ರಜೆಯ ದಿನ ಯಂತ್ರ ಬರೆದಿಟ್ಟಿದ್ದ ಉಷ್ಣತೆಯ ನಕ್ಷೆಯನ್ನು ತೆಗೆದು ನೋಡುತ್ತಿದ್ದರು. ಹಿಂದೆ ಎಷ್ಟೋ ಬಾರಿ ನೋಡಿದ್ದ ನಕ್ಷೆಯೇ. ಆದರೆ ಎಚ್ಚರಿಕೆ ಹೋಗಬೇಕಿದ್ದ ಹೊತ್ತು ಯಾವುದು, ತಮ್ಮ ತಪ್ಪು ಎಲ್ಲಿ ಎಂದಷ್ಟೇ ನೋಡಿದ್ದರು. ಬಾಗಿಲು ತೆರೆದಿದ್ದರೆ ಉಷ್ಣತೆ ಒಮ್ಮೆಲೇ ಜಿಗಿಯುತ್ತದೆ. ಇಲ್ಲಿ ಅದು ಮಂಡಿ ನೋವಿನ ಮುದುಕಿ ಮೆಟ್ಟಿಲೇರುವಂತೆ ಬಹಳ ನಿಧಾನವಾಗಿ ಏರಿತ್ತು. ಬಾಗಿಲು ಮುಚ್ಚಿಯೇ ಇತ್ತು. ಒಳಗೆ ತಂಪು ಮಾಡುವ ಯಂತ್ರ ಇಡೀ ದಿನ ನಿಂತು, ಫ್ರೀಜರು ತೆರೆಯುವ ಹೊತ್ತಿಗಷ್ಟೇ ಮತ್ತೆ ತಾನೇ ಎದ್ದು ಓಡಿತ್ತು. ಬೇರೊಬ್ಬರ ಮಾತನ್ನು ಕೇಳದೆಯೇ ತಮ್ಮ ತಪ್ಪೊಪ್ಪಿಗೆಯನ್ನು ಮುಗಿಸಿಬಿಟ್ಟಿದ್ದ ಆ ದಿನಕ್ಕಾಗಿ ಅವರಿಗೆ ನಾಚಿಕೆಯಾಯಿತು. ಹಾರ ಹಾಕಿಸಿಕೊಳ್ಳುವಾಗ ಅವರ ಮುಖದಲ್ಲಿದ್ದದ್ದು ಅಗಲಿಕೆಯ ದುಃಖವೆಂದು ಭಾಷಣಕಾರರು ಬಣ್ಣಿಸಿದರು.

ನಿವೃತ್ತಿಯ ಮಾರನೆಯ ಬೆಳಿಗ್ಗೆ ಅವರು ನಕ್ಷೆಯ ಪ್ರತಿಯನ್ನೂ ಅರ್ಜಿಯನ್ನೂ ಹಿಡಿದು ಆಸ್ಪತ್ರೆಯ ಆಡಳಿತ ಕಚೇರಿಯ ಸಾಲಿನಲ್ಲಿ ನಿಂತಿದ್ದರು. ಆ ನರ್ಸು ಇನ್ನೂ ಸೇವೆಯಲ್ಲಿದ್ದಾರೆ. ಗುಮಾಸ್ತರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಹಳೇ ಕೇಸು ಮೇಡಂ, ಬಹಳ ಟೈಮ್ ಹಿಡಿಯುತ್ತೆ” ಎಂದರು. “ಈಗ ನನ್ನ ಹತ್ರ ಇರೋದು ಅದೊಂದೇ ಕಣಪ್ಪ” ಎಂದು ಮೇಡಂ ಬೆಂಚಿನ ಮೇಲೆ ಕೂತರು. ಅಂದಿನಿಂದ ವಾರವಾರವೂ ಅಲ್ಲಿಗೆ ಹೋಗಿ ಕೂರುತ್ತಿದ್ದಾರೆ.

ಅವರಿಗೆ ಆರೋಗ್ಯ, ನೆಮ್ಮದಿ ಎಲ್ಲವೂ ತುಂಬಿ ಬರಲಿ. ಸೇವಾ ಪುಸ್ತಕದ ಆ ಒಂದು ವಾಕ್ಯ ಅಳಿಯುವವರೆಗೂ ಅವರ ಆಯುಸ್ಸು ಗಟ್ಟಿಯಾಗಿರಲಿ. ಕಚೇರಿಗಳ ನಡಿಗೆ ಬಲ್ಲವರಿಗೆ, ಇದು ದೀರ್ಘಾಯುಷ್ಯದ ಹಾರೈಕೆಯೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.