ಸುದ್ದಿ ತಾರದ ಕೈಗಳು

ಅಕ್ಕನ ಬೆರಳು ಸುಡುತ್ತಿದೆಯೆಂದು ಮೊದಲು ತಿಳಿದದ್ದು ನನಗೆ, ಅದೂ ವಾಸನೆಯಿಂದ. ಚಿತ್ತಾಪುರದ ಅವಳ ಅಡುಗೆಮನೆಯಲ್ಲಿ ಇಬ್ಬರೇ ಇದ್ದೆವು. ಜೋಳದ ರೊಟ್ಟಿ ಬೇಯಿಸುತ್ತ ನನ್ನ ಕಡೆ ತಿರುಗಿ ಏನೋ ಹೇಳುತ್ತಿದ್ದಳು. ಎಡಗೈಯ ಬೆರಳು ಹಂಚಿನ ಮೇಲೆಯೇ ಇತ್ತು. ನಾನು ಚೀರಿ ಅವಳ ಕೈ ಎಳೆದೆ. ಅವಳು ಬೆರಳನ್ನು ನೋಡಿದಳು, ಆಮೇಲೆ ನನ್ನನ್ನು.

"ಯಾವಾಗ ಸುಟ್ಟಿತು ಇದು? ನನಗ ಗೊತ್ತೇ ಆಗಲಿಲ್ಲ."

ಅದಕ್ಕೆ ಸ್ವಲ್ಪ ಮುಂಚೆ ಅವಳಿಗೆ ಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟಾಗಿನಿಂದ ಕೈಕಾಲು ಜೋಮು ಹಿಡಿದಂತಿವೆ ಎನ್ನುತ್ತಿದ್ದಳು. ಬೆರಳು ಸುಟ್ಟ ಕೆಲವೇ ದಿನಕ್ಕೆ, ಒಂದು ಮುಂಜಾನೆ ಮಂಚದಿಂದ ಏಳಲು ಹೋದವಳು ಬಟ್ಟೆಯ ಗಂಟಿನಂತೆ ಕುಸಿದಳು. ಭಾವ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ರಜೆ ಹಾಕಿ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೋದರು. ನಾನೂ ಹೋದೆ.

ವೈದ್ಯರು ತಮ್ಮ ಕೈ ಕೊಟ್ಟು ಒತ್ತಲು ಹೇಳಿದರು. ಅಕ್ಕ ಒತ್ತಿದ ಬಲಕ್ಕೆ ಅವರೇ ಮುಖ ಕಿವುಚಿದರು. ಆಮೇಲೆ ಅವಳ ಕಣ್ಣು ಮುಚ್ಚಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿದರು. ಕೈಗಳು ಮೆಲ್ಲಗೆ ಅಲೆಯತೊಡಗಿದವು. ಒಂದು ಮೇಲಕ್ಕೆ ಹೋಯಿತು, ಇನ್ನೊಂದು ಪಕ್ಕಕ್ಕೆ. ಅಕ್ಕ ಮಾತ್ರ ಎರಡೂ ನೆಟ್ಟಗಿವೆ ಎಂದೇ ನಂಬಿ ಕೂತಿದ್ದಳು. ಭಾವ ಗೋಡೆಯ ಕಡೆ ಮುಖ ತಿರುಗಿಸಿದರು.

"ಬಲ ಹೋಗಿಲ್ಲರಿ," ಎಂದರು ವೈದ್ಯರು. "ಮಿದುಳಿನ ಹುಕುಂ ಕೈಕಾಲಿಗೆ ಮುಟ್ಟಲಿಕತ್ತದ. ಆದ್ರ ಕೈ ಎಲ್ಲಿ ಅದ, ಏನು ಹಿಡದದ ಅನ್ನೋ ಸುದ್ದಿ ಮ್ಯಾಲ ಹೋಗವಲ್ದು. ಆ ನರ ಸತ್ತಾವ. ಇನ್ನ ಕಣ್ಣಿಂದ ನೋಡಿನೇ ಎಲ್ಲಾ ಮಾಡಬೇಕು."

"ಮೊದಲಿನಂಗ ಆಗ್ತದೇನ್ರಿ?" ಭಾವ ಕೇಳಿದರು.

"ಇಲ್ಲರಿ."

ಅಕ್ಕ ಮತ್ತೆ ನಡೆಯಲು ಕಲಿತಳು. ತಲೆ ತಗ್ಗಿಸಿ, ಪಾದಗಳನ್ನೇ ನೋಡುತ್ತ, ಒಂದನ್ನು ಊರಿ ಇನ್ನೊಂದನ್ನು ಯೋಚಿಸಿ ಎತ್ತುತ್ತಿದ್ದಳು. ಚಹಾದ ಕಪ್ಪು ಹಿಡಿದರೆ ಮಾತು ನಿಲ್ಲಿಸುತ್ತಿದ್ದಳು. ಬೇರೆ ಕಡೆ ನೋಡಿದರೆ ಕಪ್ಪು ಜಾರಿ ಬೀಳುತ್ತಿತ್ತು. ಮಾರಿ ನೋಡಿ ಮಾತಾಡೋದಿಲ್ಲ, ಸೊಕ್ಕು ಭಾಳ ಎಂದು ಓಣಿಯಲ್ಲಿ ಅಂದವರೂ ಇದ್ದರು. ಕರೆಂಟು ಹೋದರೆ ನಿಂತಲ್ಲೇ ಬೀಳುತ್ತಿದ್ದಳು. ಸಂಜೆಯಾಗುತ್ತಲೇ ಭಾವ ಬ್ಯಾಟರಿ ದೀಪ ಹಚ್ಚಿಡುತ್ತಿದ್ದರು. ಒಮ್ಮೊಮ್ಮೆ ಅಂಗಳಕ್ಕೆ ಕರೆದೊಯ್ದು, ಎರಡೂ ತೋಳು ಗಟ್ಟಿಯಾಗಿ ಹಿಡಿದು ನಿಲ್ಲಿಸಿ, "ನಿನ್ನ ಕಾಲು ನಾ ನೋಡ್ತೀನಿ. ನೀ ಜರಾ ಮ್ಯಾಲ ನೋಡು," ಎನ್ನುತ್ತಿದ್ದರು. ಆಕಾಶ ನೋಡುವಾಗ ಅಕ್ಕ ಎಳೆಯ ಹುಡುಗಿಯಂತೆ ನಗುತ್ತಿದ್ದಳು.

ಹೋದ ವರ್ಷ ಭಾವನ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಅವತ್ತು ಮಧ್ಯಾಹ್ನ ಅವರು ಮಾತು ಬಿಟ್ಟಿದ್ದರು, ಉಸಿರು ಮಾತ್ರ ಎಳೆಯುತ್ತಿದ್ದರು. ಅಕ್ಕ ಅವರ ಕೈ ಹಿಡಿದು ಕೂತಿದ್ದಳು. ದೃಷ್ಟಿ ಆ ಕೈಯ ಮೇಲೆಯೇ ಇತ್ತು.

"ಅವರ ಮಾರಿ ನೋಡಕ್ಕಾ," ಎಂದೆ.

"ಮಾರಿ ನೋಡಿದ್ರ ಕೈ ಬಿಡ್ತದ. ಕೈ ನೋಡಿದ್ರ ಮಾರಿ ಕಾಣಂಗಿಲ್ಲ. ನಾ ಏನ್ ಮಾಡ್ಲಿ?"

ನಾನು ಅವರಿಬ್ಬರ ಕೈಗಳನ್ನೂ ನನ್ನ ಎರಡು ಕೈಗಳಲ್ಲಿ ಸೇರಿಸಿ ಹಿಡಿದೆ. "ಕೈ ನಾ ಹಿಡಕೊಂಡೀನಿ. ನೀ ಮಾರಿ ನೋಡು."

ಅವಳು ತಲೆ ಎತ್ತಿ ಗಂಡನ ಮುಖ ನೋಡುತ್ತ ಕೂತಳು. ಬಹಳ ಹೊತ್ತಾದ ಮೇಲೆ ನನ್ನ ಅಂಗೈಯೊಳಗೆ ಭಾವನ ಬೆರಳು ಸಡಿಲವಾದವು. ಅಕ್ಕನಿಗೆ ಅದು ತಿಳಿದಿರಲಿಲ್ಲ. ಇನ್ನೂ ಅವರ ಮುಖ ನೋಡುತ್ತಲೇ ಇದ್ದಳು. ನಾನೇ ಹೇಳಬೇಕಾಯಿತು.

"ಅಕ್ಕಾ, ಕೈ ಬಿಟ್ಟಾರ."

ಮನೆಯಲ್ಲಿ ಭಾವನ ದೇಹಕ್ಕೆ ವಿಭೂತಿ ಹಚ್ಚಿ ಕೂರಿಸಿದಾಗ ಅಕ್ಕ ಬಾಗಿ, ಅವರ ಅಂಗೈಗೆ ತನ್ನ ಕೆನ್ನೆ ಒತ್ತಿದಳು. ರೋಗ ಅವಳ ಮುಖವನ್ನು ಮುಟ್ಟಿರಲಿಲ್ಲ; ಸ್ಪರ್ಶ ಉಳಿದದ್ದು ಅಲ್ಲಿ ಮಾತ್ರ. "ತಣ್ಣಗಾಗ್ಯಾರ," ಎಂದಳು. ಹೆಂಗಸರು ಎಬ್ಬಿಸಲು ಬಂದರು. ನಾನು ಬೇಡವೆಂದೆ.

ಈಗ ಅವಳು ಶಹಾಬಾದದಲ್ಲಿ ನನ್ನ ಮನೆಯಲ್ಲಿದ್ದಾಳೆ. ತನ್ನ ಬಟ್ಟೆ ತಾನೇ ಮಡಚುತ್ತಾಳೆ, ಕಣ್ಣು ಕದಲಿಸದೆ ಕಾಯಿಪಲ್ಲೆ ಹೆಚ್ಚುತ್ತಾಳೆ. ಭಾವನ ಮಾತು ಬಂದರೆ ಮಾತ್ರ ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು, ಗೋಡೆಯ ಬಳಿ ಹೋಗಿ ನೆಲದ ಮೇಲೆ ಕೂರುತ್ತಾಳೆ. ಕಣ್ಣು ತುಂಬಿ ಮಂಜಾದರೆ ಅವಳಿಗೆ ನಿಲ್ಲಲಾಗುವುದಿಲ್ಲ. ಕೂತಾದ ಮೇಲೆಯೇ ಅಳುತ್ತಾಳೆ.