ಎಲ್ಲರೂ ಅಂದ್ರೆ ಯಾರ್ಯಾರು?

ಪಾಠ ಬಿಗಿಯಾಯಿತೆಂದರೆ ನಮ್ಮ ಮೇಡಂ ಬಲಗಾಲಿನ ಚಪ್ಪಲಿ ಕಳಚಿ, ಬರಿಯ ಹೆಬ್ಬೆರಳಿನಿಂದ ನೆಲವನ್ನು ತೀಡತೊಡಗುತ್ತಿದ್ದರು. ದಿಲ್ಲಿಯ ಜನವರಿ ಚಳಿಯಲ್ಲೂ ಅಷ್ಟೇ. ಚಪ್ಪಲಿ ಕಳಚಿದಾಗ ಹೇಳಿದ್ದು ಪರೀಕ್ಷೆಗೆ ಗ್ಯಾರಂಟಿ ಎಂದು ನಾವು ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದೆವು.

ಯಾರಾದರೂ ಬಾಯಿತಪ್ಪಿ 'ಎಲ್ಲರೂ ಇದನ್ನು ಒಪ್ಪುತ್ತಾರೆ' ಎಂದರೋ, ಮುಗಿಯಿತು. "ಅಚ್ಛಾ! ಸಬ್ ಮತಲಬ್ ಕೌನ್ ಕೌನ್?" ಎಲ್ಲರೂ ಎಂದರೆ ಯಾರ್ಯಾರು, ಹೆಸರು ಹೇಳಬೇಕು. ಹೇಳುವವರೆಗೆ ಕೂರುವಂತಿರಲಿಲ್ಲ.

ನಾನು ಚಿತ್ರದುರ್ಗದ ಕಡೆಯವಳು, ಪಿಯುಸಿವರೆಗೂ ಕನ್ನಡ ಮಾಧ್ಯಮ. ದಿಲ್ಲಿಗೆ ಹತ್ತಿರದ ಮಾನೇಸರಿನ ಕಾರ್ಖಾನೆಯಲ್ಲಿದ್ದ ಅಣ್ಣನ ಧೈರ್ಯದ ಮೇಲೆ ಇಲ್ಲಿಗೆ ಬಂದು ಬಿ.ಎ. ಪೊಲಿಟಿಕಲ್ ಸೈನ್ಸ್ ಸೇರಿದ್ದೆ. ಮೊದಲ ತಿಂಗಳಲ್ಲೇ ಮೇಡಂ ಒಂದು ಪ್ರಬಂಧ ಬರೆಯಲು ಹೇಳಿದರು: 'ಸ್ಟೇಟ್ ನಮಗೆ ಬೇಕೇ?' ಸ್ಟೇಟ್ ಎಂದರೆ ರಾಜ್ಯ, ನಮ್ಮ ರಾಜ್ಯ ಕರ್ನಾಟಕ ಎಂದುಕೊಂಡೆ. ಏಕೀಕರಣ, ಕಾವೇರಿ, ಕನ್ನಡ ಶಾಲೆ ಎಲ್ಲ ಸೇರಿಸಿ, ಮುರುಕು ಇಂಗ್ಲಿಷಿನಲ್ಲಿ ನಾಲ್ಕು ಪುಟ ತುಂಬಿಸಿದೆ. ಪಕ್ಕದವಳು ಅದನ್ನು ಓದಿ ಕ್ಯಾಂಟೀನಿಗೆಲ್ಲ ಸಾರಿದಳು. ಅಂದಿನಿಂದ ನಾನು 'ಚೀಫ್ ಮಿನಿಸ್ಟರ್ ಸಾಹಿಬಾ' ಆದೆ. ಅಣ್ಣನಿಗೆ ಫೋನ್ ಮಾಡಿ, ಊರಿಗೆ ಟಿಕೆಟ್ ತೆಗೆಸು ಎಂದು ಅತ್ತೆ.

ಮರುದಿನ ಮೇಡಂ ಸ್ಟಾಫ್ ರೂಮಿಗೆ ಕರೆಸಿದರು. ಎದುರಿಗೆ ನನ್ನ ನಾಲ್ಕು ಪುಟ.

"ಕರ್ನಾಟಕ ಬೇಕೇಬೇಕು ಅಂತ ಇಷ್ಟು ಜಗಳ ಆಡಿದ್ದೀಯಲ್ಲಮ್ಮ, ಬೇಡ ಅಂದೋರು ಯಾರು?"

ಅಚ್ಚ ಕನ್ನಡ! ಅವರು ಮೈಸೂರಿನವರೆಂದು ನನಗೆ ಗೊತ್ತೇ ಇರಲಿಲ್ಲ. ನಗು ಬಂತು, ಹಿಂದೆಯೇ ಅಳು.

"ಊರಿಗೆ ಹೋಗ್ತೀನಿ ಮೇಡಂ. ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತೆ."

"ಎಲ್ಲರೂ ಅಂದ್ರೆ ಯಾರ್ಯಾರು? ಹೆಸರು ಹೇಳು."

ಹೇಳುತ್ತಾ ಹೋದೆ. ಐದಕ್ಕೆ ನಿಂತಿತು.

"ಅರವತ್ತು ಜನರಲ್ಲಿ ಐದು. ಇದು ಬಹುಮತವೇನೇ? ರಾಜ್ಯಶಾಸ್ತ್ರ ಓದೋಳು ನೀನು!" ಮೇಜಿನ ಕೆಳಗೆ ಚಪ್ಪಲಿ ಕಳಚಿದ ಸದ್ದಾಯಿತು. "ಶಾಸ್ತ್ರದ ಹೆಸರಲ್ಲೇ 'ರಾಜ್ಯ' ಅಂತ ಇಟ್ಟಿದ್ದಾರೆ, ನಿನ್ನದೇನು ತಪ್ಪು? ಇಲ್ಲಿ ಪ್ರಭುತ್ವ ಅಂದುಕೋ. ತೆರಿಗೆ ಕೇಳುತ್ತಲ್ಲ, ರೇಷನ್ ಕೊಡುತ್ತಲ್ಲ, ಪೊಲೀಸರನ್ನ ಕಳಿಸುತ್ತಲ್ಲ, ಅದು. ಅದು ಬೇಕಾ ಬೇಡವಾ? ಕನ್ನಡದಲ್ಲೇ ಬರ್ಕೊಂಡು ಬಾ. ಮೊದಲು ಯೋಚನೆ ನಿಲ್ಲಲಿ, ಇಂಗ್ಲಿಷಿಗೆ ಆಮೇಲೆ ಇಬ್ಬರೂ ಸೇರಿ ತರೋಣ."

ಟಿಕೆಟ್ ರದ್ದಾಯಿತು. ಮೂರು ವರ್ಷ, ಪ್ರತಿ ಶನಿವಾರ, ಮುಖರ್ಜಿ ನಗರದ ನನ್ನ ಪಿಜಿಯಿಂದ ಕನ್ನಡದ ಹಾಳೆಗಳನ್ನು ಹಿಡಿದು ಅವರ ಮನೆಗೆ ಹೋದೆ. ಅವರು ಕೊಡುತ್ತಿದ್ದ ಕಾಫಿ ಕಹಿ, ಬೈಗುಳ ಧಾರಾಳ. ಒಂದು ದಿನವೂ ಇಂಗ್ಲಿಷನ್ನು ತಾವೇ ಬರೆದುಕೊಡಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಇವತ್ತು ಇದೇ ದಿಲ್ಲಿಯಲ್ಲಿ ನಾನೂ ಅದೇ ಪಾಠ ಮಾಡುತ್ತಿದ್ದೇನೆ, ಆ ಹಟಮಾರಿತನದ ಋಣ ತೀರುವಂಥದ್ದಲ್ಲ.

ಮೇಡಂ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು, "ಅವರು ಎಲ್ಲರಿಗೂ ಬೇಕಾದವರು" ಎಂದರು. ಹಳೆಯ ಅಭ್ಯಾಸ ಬಿಡಲಿಲ್ಲ. ಯಾರ್ಯಾರು ಎಂದು ಸಭೆಯತ್ತ ತಿರುಗಿದೆ. ಮನಸ್ಸಿನಲ್ಲೇ ಮೊದಲು ನನ್ನ ಹೆಸರು ಹೇಳಿಕೊಂಡೆ. ಆಮೇಲೆ ಕ್ಯಾಂಟೀನಿನ ಭಯ್ಯಾ, ನನಗೆ ಚೀಫ್ ಮಿನಿಸ್ಟರ್ ಎಂದು ಹೆಸರಿಟ್ಟವಳು, ಗೋಡೆಗೊರಗಿ ಅಳುತ್ತಿದ್ದ ಈ ವರ್ಷದ ಮಕ್ಕಳು. ಕುರ್ಚಿ ಸಾಲದೆ ಬಾಗಿಲಾಚೆಯೂ ಜನ ನಿಂತಿದ್ದರು.

ಈ ಸಲ ಐದಕ್ಕೆ ನಿಲ್ಲಲಿಲ್ಲ, ಮೇಡಂ.